ವರ್ನಾ ಕಟ್ಟಿದ ತೋಟಾ

ಸ್ಟೋನ್ ಕ್ರೀಕ್ ರೈಫಲ್ ಕ್ಲಬ್ಬಿನ ಬಾಗಿಲು ದಾಟಿದ ಕೂಡಲೇ ಎಡಗಡೆ, ಕಾಫಿ ಪಾತ್ರೆ ಇಡುವ ಮೇಜಿನ ಮೇಲ್ಗಡೆ, ಗೋಡೆಗೆ ಒಂದು ಗಾಜಿನ ಪೆಟ್ಟಿಗೆ ಹೊಡೆದಿದ್ದರು. ಒಳಗೆ ಹಸಿರು ರಟ್ಟಿನ ಒಂದು ನೋಟ್‌ಬುಕ್ಕನ್ನು ನಡುವೆ ತೆರೆದು ಇಟ್ಟಿದ್ದರು. ಅದರ ಕೆಳಗೆ ಹಿತ್ತಾಳೆ ಫಲಕ. ‘ಓರ್ವಿಲ್ ಟೋಲೆಫ್ಸನ್. ಕೋವಿಯ ತೋಟಾ ಕಟ್ಟುವುದರಲ್ಲಿ ಈ ಜಿಲ್ಲೆ ಕಂಡ ಅತ್ಯುತ್ತಮ ಕೈ. ಅವರ ಸ್ವಂತ ಟಿಪ್ಪಣಿಗಳು.’

ವರ್ನಾ ಟೋಲೆಫ್ಸನ್ ಈ ಫಲಕವನ್ನು ಮೊದಲು ಓದಿದ್ದು ಗಂಡ ತೀರಿಕೊಂಡ ಮರುವರ್ಷದ ಏಪ್ರಿಲ್‌ನಲ್ಲಿ, ಎರಡೂ ಕೈಯಲ್ಲಿ ಪೈ ತಟ್ಟೆ ಹಿಡಿದುಕೊಂಡು ನಿಂತು. ಒಂದು ಸಲ ಓದಿದಳು, ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಓದಿದಳು. ಆ ಪುಸ್ತಕದಲ್ಲಿದ್ದ ಅಂಕೆಗಳೆಲ್ಲ ಅವಳವು, ಅಕ್ಷರಗಳೆಲ್ಲ ಅವಳವು. ಮೂಲೆಯಲ್ಲಿದ್ದ ಕಾಫಿ ಕಲೆಯೂ ಅವಳದೇ. ಓರ್ವಿಲ್ ಆ ಪುಸ್ತಕವನ್ನು ಮುಟ್ಟಿದ್ದರೆ ಮೇಜಿನ ಒಂದು ಕಾಲು ಗಿಡ್ಡ ಅಂತ ಅದರಡಿಗೆ ಕೊಡಲು ಮುಟ್ಟಿರಬೇಕು. ‘ನೆನಪಿಗೆ ಏನಾದರೂ ಕೊಡಿ’ ಎಂದು ಕ್ಲಬ್ಬಿನವರು ಕೇಳಿದಾಗ ಕೊಟ್ಟವಳು ಇವಳೇ. ನೋಡಿದವರಿಗೆ ತಾನಾಗಿ ತಿಳಿಯುತ್ತದೆ, ಬಾಯಿಬಿಟ್ಟು ಹೇಳುವುದೇನು ಎಂದುಕೊಂಡಿದ್ದಳು. ತಾನಾಗಿ ತಿಳಿಯುವುದು ಅಂತ ಲೋಕದಲ್ಲಿ ಏನೂ ಇಲ್ಲ ಎಂಬುದು ಅರವತ್ತಾರನೆಯ ವಯಸ್ಸಿನಲ್ಲಿ ಅವಳಿಗೆ ಗೊತ್ತಾಯಿತು.

ಪೈ ಕೆಳಗಿಟ್ಟು ಕ್ಲಬ್ಬಿನ ಅಧ್ಯಕ್ಷ ಕರ್ಟಿಸ್ ಕ್ರೋಗ್‌ಸ್ಟಾಡ್‌ನನ್ನು ಕರೆದಳು. ಕರ್ಟಿಸ್ ಊರಲ್ಲಿ ಟೈರ್ ಅಂಗಡಿ ಇಟ್ಟವನು, ಐವತ್ತರ ಆಸುಪಾಸು, ಎಲ್ಲರ ಬೆನ್ನೂ ತಟ್ಟುವ ಆಸಾಮಿ.

“ಕರ್ಟಿಸ್, ಈ ಫಲಕ ತಪ್ಪು.”

“ಯಾಕೆ ವರ್ನಾ, ಹಿತ್ತಾಳೆ ಚೆನ್ನಾಗಿಲ್ವಾ? ಒಳ್ಳೇದೇ ತರ್ಸಿದ್ವಲ್ಲ.”

“ಹಿತ್ತಾಳೆ ಚೆನ್ನಾಗಿದೆ. ಹೆಸರು ತಪ್ಪು. ಈ ಪುಸ್ತಕ ನಂದು.”

“ಅಯ್ಯೋ, ಅದು ಗೊತ್ತಿಲ್ವಾ ನಂಗೆ! ಓರ್ವಿಲ್ ಹೇಳ್ತಿದ್ದ, ನೀವು ಬರ್ಕೋತಿದ್ರಿ. ಅವನ ಕೈಬರಹ ಕೋಳಿ ಕೆದರಿದ ಹಂಗಿರ್ತಿತ್ತು.” ಕರ್ಟಿಸ್ ನಕ್ಕ.

“ಅವನು ಏನೂ ಹೇಳ್ತಿರ್ಲಿಲ್ಲ. ತೋಟಾ ಕಟ್ತಿದ್ದೋಳು ನಾನು. ಇಪ್ಪತ್ತೆರಡು ವರ್ಷ.”

ಕರ್ಟಿಸ್ ಅವಳ ಹೆಗಲ ಮೇಲೆ ಕೈ ಇಟ್ಟ. “ದುಃಖದಲ್ಲಿ ಹಿಂಗೆಲ್ಲ ಅನ್ಸತ್ತೆ ವರ್ನಾ. ನಮ್ಮಪ್ಪ ಹೋದ್ಮೇಲೆ ನಮ್ಮಮ್ಮನೂ ಅಷ್ಟೇ. ‘ಆ ಹೊಲ ಎಲ್ಲ ಉತ್ತೋಳು ನಾನೇ’ ಅಂತಿದ್ಲು, ಪಾಪ.”

ಉತ್ತಿದ್ದಳೇನೋ! ಆ ತಾಯಿಯನ್ನು ಕೂರಿಸಿಕೊಂಡು ‘ಹೌದೇನಮ್ಮ’ ಎಂದು ಕೇಳಿದ ಮಗ ಇವನಲ್ಲ. ವರ್ನಾ ಹೆಗಲ ಮೇಲಿನ ಕೈಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಇಟ್ಟು ಹೊರಗೆ ಬಂದಳು. ಆ ದಿನ ಪೈ ತಿಂದ ಒಬ್ಬನಿಗೂ ಅವಳು ಯಾಕೆ ಬೇಗ ಹೋದಳು ಎಂದು ಹೊಳೆಯಲಿಲ್ಲ. ಪೈ ಮಾತ್ರ ಚೂರೂ ಉಳಿಯಲಿಲ್ಲ.

ಮೊಂಟಾನಾದ ಈ ಗೋಧಿ ಸೀಮೆಯಲ್ಲಿ ವರ್ನಾಳ ಕೈ ಗೊತ್ತಿಲ್ಲದ ರೈತನಿಲ್ಲ. ರೈಲು ಹಳಿಯ ಪಕ್ಕದ ದೊಡ್ಡ ಕಣಜದಲ್ಲಿ ಇಪ್ಪತ್ತೊಂಬತ್ತು ವರ್ಷ ಗೋಧಿ ಪರೀಕ್ಷೆ ಮಾಡಿದವಳು ಅವಳು. ಲಾರಿ ಬಂದು ನಿಂತರೆ ಮೇಲೆ ಹತ್ತಿ, ಉದ್ದ ಕೊಳವೆಯನ್ನು ಮುಂದೆ ಹಿಂದೆ ನಡುವೆ ಮೂಲೆಗೆ ಹೀಗೆ ಏಳು ಕಡೆ ಇಳಿಸಿ ಕಾಳು ತೆಗೆದು, ತೂಗಿ, ಒಣಗಿಸಿ ನೋಡಿ ದರ್ಜೆ ಬರೆಯುವುದು ಅವಳ ಕೆಲಸ. ಅನ್ನ ಬೆಂದಿದೆಯೋ ಇಲ್ಲವೋ ಎನ್ನಲು ಒಂದು ಅಗುಳು ಸಾಕು ಎನ್ನುತ್ತಾರೆ. ಅನ್ನಕ್ಕೆ ಸಾಕು. ಮೇಲೆ ಒಳ್ಳೆಯದನ್ನು ಹರಡಿ ಅಡಿಯಲ್ಲಿ ಮುಗ್ಗಲು ತುಂಬಿದ ಲಾರಿಗೆ ಸಾಲದು. ‘ಒಂದೇ ಕಡೆ ನೋಡಿದ್ರೆ ಸಾಲ್ದಾ ವರ್ನಾ?’ ಎಂದು ಹಲ್ಲುಕಿರಿಯುವವರನ್ನು ಕಂಡರೆ ಅವಳು ಎಂಟನೆಯ ಕಡೆಯೂ ಕೊಳವೆ ಇಳಿಸುತ್ತಿದ್ದಳು.

ಓರ್ವಿಲ್ ಜಿಲ್ಲೆಯ ಮಣ್ಣುರಸ್ತೆ ಸಮ ಮಾಡುವ ಯಂತ್ರ ಓಡಿಸುತ್ತಿದ್ದ. ಒಳ್ಳೆಯ ಮನುಷ್ಯ, ಒಳ್ಳೆಯ ಗುರಿಕಾರ. ಆದರೆ ತಾಳ್ಮೆ ಎಂಬುದು ಅವನ ಜಾತಕದಲ್ಲಿರಲಿಲ್ಲ. ಮೊಟ್ಟೆಗೆ ಉಪ್ಪು ಹಾಕಿದ್ದು ಮರೆತು ಇನ್ನೊಂದು ಸಲ ಹಾಕುವವನು. ಅಂಥವನು ಒಮ್ಮೆ ನೆಲಮಾಳಿಗೆಯಲ್ಲಿ ಕೂತು ತೋಟಾ ತುಂಬಲು ಹೊರಟು ಅರ್ಧ ಮದ್ದನ್ನು ನೆಲಕ್ಕೆ ಚೆಲ್ಲಿದ. ಒಂದು ಚಿಪ್ಪಿಗೆ ಮದ್ದೇ ಹಾಕದೆ ಗುಂಡು ಕೂರಿಸಿದ. ವರ್ನಾ ಅವನನ್ನು ಎಬ್ಬಿಸಿ ಆ ಸ್ಟೂಲಿನ ಮೇಲೆ ತಾನು ಕೂತಳು. ಆಮೇಲೆ ಅವನು ಆ ಸ್ಟೂಲಿಗೆ ಮರಳಲಿಲ್ಲ.

ಅಂಗಡಿಯಲ್ಲಿ ಸಿಗುವ ತೋಟಾ ಹೊಲಿದಿಟ್ಟ ಅಂಗಿಯ ಹಾಗೆ, ಎಲ್ಲರಿಗೂ ಆಗುತ್ತದೆ, ಯಾರಿಗೂ ಸರಿಯಾಗಿ ಕೂರುವುದಿಲ್ಲ. ಸಾವಿರ ಗಜ ದೂರದ ಗುರಿಗೆ ಹೊಡೆಯುವವರಿಗೆ ಅದು ನಡೆಯುವುದಿಲ್ಲ. ಹಾರಿಸಿದ ಹಿತ್ತಾಳೆ ಚಿಪ್ಪನ್ನು ಉಜ್ಜಿ, ಅಳತೆಗೆ ತಂದು, ಹೊಸ ಕೇಪು ಒತ್ತಿ, ಮದ್ದು ತೂಗಿ ಹಾಕಿ, ಗುಂಡನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿ ಕೂರಿಸಿ, ಈ ಕೋವಿಗೆ ಯಾವುದು ಹಿಡಿಸುತ್ತದೆ ಎಂದು ಹುಡುಕಬೇಕು. ಒಂದು ಕೋವಿಗೆ ಹಿಡಿಸಿದ್ದು ಅದರ ಅವಳಿ ಕೋವಿಗೂ ಹಿಡಿಸುವುದಿಲ್ಲ. ಓರ್ವಿಲ್ ರಸ್ತೆ ಕೆಲಸಕ್ಕೆ ಹೋದ ಬೆಳಗುಗಳಲ್ಲಿ, ಕಣಜಕ್ಕೆ ಹೋಗುವ ಮುಂಚೆ, ವರ್ನಾ ಯಾರೂ ಇಲ್ಲದ ಕ್ಲಬ್ಬಿನ ಮೈದಾನದಲ್ಲಿ ಮಲಗಿ ಹೊಡೆದು ನೋಡಿ ಬರೆಯುತ್ತಿದ್ದಳು. ಶನಿವಾರ ಓರ್ವಿಲ್ ಆ ತೋಟಾಗಳನ್ನು ತೆಗೆದುಕೊಂಡು ಬಂದು ಗೆಲ್ಲುತ್ತಿದ್ದ. ವರ್ನಾ ಕಾಫಿ ಬಗ್ಗಿಸುತ್ತಿದ್ದಳು. ಊರಿಗೆ ಕಂಡದ್ದು ಶನಿವಾರ ಮಾತ್ರ.

ಒಂದು ವರ್ಷ ಗೆದ್ದ ಕಪ್ಪು ಹಿಡಿದು ನಿಂತಾಗ ಯಾರೋ ತೋಟಾದ ಗುಟ್ಟು ಕೇಳಿದರು. “ತಾಳ್ಮೆ ಕಣ್ರಪ್ಪ, ತಾಳ್ಮೆ” ಎಂದ ಓರ್ವಿಲ್, ಎರಡು ಸಲ ಉಪ್ಪು ಹಾಕುವ ಮಹಾನುಭಾವ, ಮತ್ತೆ ಕಾಫಿ ಮೇಜಿನ ಕಡೆ ಕಣ್ಣು ಮಿಟುಕಿಸಿದ. ಪಿಕಪ್ಪಿನಲ್ಲಿ ಮನೆಗೆ ಬರುವಾಗ ವರ್ನಾ ಕೇಳಿಯೇ ಬಿಟ್ಟಿದ್ದಳು.

“ನನ್ನ ಹೆಸರು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?”

“ಅವರಿಗೆ ಏನ್ ಅರ್ಥ ಆಗತ್ತೆ ಬಿಡೇ. ನಮ್ಮಿಬ್ರಿಗೂ ಗೊತ್ತಲ್ಲ, ಸಾಲ್ದಾ?”

ಆಗ ಸಾಕೆನಿಸಿತ್ತು. ಗಂಡ ಹೆಂಡಿರ ನಡುವಿನ ಗುಟ್ಟು ಎಂದರೆ ಅದರಲ್ಲೊಂದು ಸಿಹಿಯೂ ಇರುತ್ತದಲ್ಲ.

ಫಲಕ ಓದಿದ ಆ ರಾತ್ರಿ ಊಟ ಸೇರಲಿಲ್ಲ. ಕರ್ಟಿಸ್‌ನ ಮೇಲೆ ಸಿಟ್ಟು, ಊರಿನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ, ಜಗಳವಾಡಲೂ ಸಿಗದ ಹಾಗೆ ಹೋಗಿಬಿಟ್ಟ ಓರ್ವಿಲ್‌ನ ಮೇಲೆ ಸಿಟ್ಟು. ಹಳೆಯ ಕೋವಿಯಲ್ಲಿ ತಾನೇ ಹೊಡೆದು ತೋರಿಸಿದರೂ ‘ಓರ್ವಿಲ್‌ನ ತೋಟಾ’ ಅಂತಾರೆ. ಹಳೆಯ ಪುಸ್ತಕದ ಯಾವ ಪುಟ ತೋರಿಸಿದರೂ ‘ಓರ್ವಿಲ್ ಹೇಳಿದ, ನೀವು ಬರೆದಿರಿ’ ಅಂತಾರೆ. ಹಾಗಾದರೆ ಓರ್ವಿಲ್ ಕಣ್ಣಿಂದಲೂ ನೋಡದ ಕೋವಿ ಒಂದು ಬೇಕು. ಸತ್ತವನು ಎಷ್ಟೇ ಜಾಣನಾದರೂ ತಾನು ಸತ್ತ ಮೇಲೆ ಹುಟ್ಟಿದ ಕೋವಿಗೆ ತೋಟಾ ಕಟ್ಟಲಾರ. ಇದನ್ನಾದರೂ ಆ ತಲೆಗಳು ಒಪ್ಪಬೇಕು.

ಬೆಳಗಾಗುತ್ತಲೇ ಹೋಗಿ ಕೋವಿ ಮಾಡುವ ಆರ್ವಿಡ್ ಲಿಂಡ್‌ಕ್ವಿಸ್ಟ್‌ನ ಮುಂದೆ ಕೂತಳು. ಆರ್ವಿಡ್ ಎಪ್ಪತ್ತೈದು ದಾಟಿದ ಮುದುಕ, ಮಾತು ಕಡಿಮೆ. ನಳಿಗೆಗೆ ತಿಂಗಳುಗಟ್ಟಲೆ ಕಾಯಬೇಕು ಎಂದ. ಕಾಯುತ್ತೇನೆ ಎಂದಳು. ಓರ್ವಿಲ್ ಹೋಗಿ ಹದಿನಾಲ್ಕು ತಿಂಗಳಾದ ಮೇಲೆ, ಜನವರಿಯ ಹಿಮದಲ್ಲಿ, ಕೋವಿ ಕೈಗೆ ಬಂತು. ಬೂದು ಬಣ್ಣದ ಹಿಡಿ, ಉದ್ದ ದಪ್ಪ ನಳಿಗೆ, ಅವಳ ತೋಳಿನ ಅಳತೆಗೇ ಮಾಡಿದ್ದು. ಆರ್ವಿಡ್ ಅದನ್ನು ಒರೆಸುತ್ತ ಒರೆಸುತ್ತ ತಲೆ ಎತ್ತದೆ ಹೇಳಿದ.

“ಹಿಡಿ ನಿಮ್ಮ ತೋಳಿಗೆ ಮಾಡ್ದೆ. ಓರ್ವಿಲ್ ಕೋವಿ ನಿಮಗೆ ಯಾವಾಗ್ಲೂ ಉದ್ದ ಆಗ್ತಿತ್ತು. ಹೊಡೆದು ಹೊಡೆದು ಹೆಗಲು ನೋಯ್ತಿತ್ತಲ್ಲ.”

ವರ್ನಾ ಅವನನ್ನೇ ನೋಡಿದಳು. “ನಿಮಗೆ ಗೊತ್ತಿತ್ತು.”

“ಓರ್ವಿಲ್ ಇಲ್ಲಿಗೆ ಬಂದು ಪ್ರಶ್ನೆ ಕೇಳೋನು, ಚೀಟಿ ನೋಡ್ಕೊಂಡು. ನಾನು ವಾಪಸ್ ಏನಾದ್ರೂ ಕೇಳಿದ್ರೆ ‘ಮನೇಲಿ ಕೇಳಿ ಹೇಳ್ತೀನಿ’ ಅನ್ನೋನು. ಗೊತ್ತಾಗ್ದೇ ಇರತ್ತಾ?”

“ಇಪ್ಪತ್ತೆರಡು ವರ್ಷ ಗೊತ್ತಿತ್ತು, ಬಾಯಿ ಬಿಡ್ಲಿಲ್ಲ.”

“ಗಂಡ ಹೆಂಡ್ತಿ ವಿಷ್ಯ. ನಾನ್ಯಾಕೆ ಅಂತ...”

“ಆ ಫಲಕ ಹೊಡೆದಾಗ ನೀವು ಅಲ್ಲೇ ಇದ್ರಲ್ಲ. ಮೊಳೆ ಹೊಡೆಯೋಕೆ ಸುತ್ತಿಗೆ ಕೊಟ್ಟೋರು ಯಾರು?”

ಆರ್ವಿಡ್ ಮತ್ತೆ ಕೋವಿ ಒರೆಸತೊಡಗಿದ. ಸುತ್ತಿಗೆ ಅವನದೇ. ಕರ್ಟಿಸ್‌ಗೆ ಗೊತ್ತಿಲ್ಲ, ದಡ್ಡ ಎಂದು ಬಿಟ್ಟುಬಿಡಬಹುದು. ಗೊತ್ತಿದ್ದೂ ಕಾಫಿ ಕುಡಿದುಕೊಂಡು ಕೂತವನಿಗೆ ಏನು ಹೇಳುವುದು? ವರ್ನಾ ಕೋವಿಯ ಪೆಟ್ಟಿಗೆ ಎತ್ತಿಕೊಂಡು ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೋದಳು.

ಮಾರ್ಚಿನಲ್ಲಿ ಕೆಲಸ ಶುರುವಾಯಿತು. ಹಳೆಯ ಬಾಗಿಲೊಂದನ್ನು ಎರಡು ಮರದ ಸ್ಟ್ಯಾಂಡಿನ ಮೇಲೆ ಮಲಗಿಸಿ ಮಾಡಿದ್ದ ಅದೇ ಮೇಜು, ಅದೇ ಸ್ಟೂಲು, ಅದೇ ಕಿರಿದಾದ ತಕ್ಕಡಿ. ಅಂಗಡಿಯಿಂದ ತಂದ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಹೊಸ ನಳಿಗೆ ಮೊದಲ ನೂರೈವತ್ತು ಸುತ್ತು ನಿಜ ಹೇಳುವುದಿಲ್ಲ. ದಿನಕ್ಕೊಂದು ವೇಗ, ದಿನಕ್ಕೊಂದು ಬುದ್ಧಿ. ಅವಸರದವರು ಅಷ್ಟರಲ್ಲೇ ಒಂದು ತೋಟಾಕ್ಕೆ ಜೋತುಬಿದ್ದು ಆಮೇಲೆ ಅದು ಕೈಕೊಟ್ಟಾಗ ಗಾಳಿಯನ್ನು ಬೈಯುತ್ತಾರೆ. ವರ್ನಾ ಅಷ್ಟು ಸುತ್ತನ್ನೂ ಹೊಡೆದು, ನಳಿಗೆ ಒರೆಸಿ, ಒಂದನ್ನೂ ನಂಬದೆ ಕಾದಳು.

ಆಮೇಲೆ ಕೆಳಗಿನಿಂದ ಮೇಲಕ್ಕೆ, ಕಾಳು ಕಾಳಾಗಿ ಮದ್ದು ಏರಿಸುತ್ತ ಹೋದಳು. ಪ್ರತಿ ಸುತ್ತಿನ ಚಿಪ್ಪನ್ನೂ ಹೆಕ್ಕಿ ಕೇಪು ಚಪ್ಪಟೆಯಾಗಿದೆಯೇ, ಹಿಂಬದಿಯಲ್ಲಿ ಉಜ್ಜಿದ ಗುರುತಿದೆಯೇ, ಅಂದರೆ ಮದ್ದು ಹೆಚ್ಚಾಯಿತೇ ಎಂದು ಭೂತಗನ್ನಡಿ ಹಿಡಿದು ನೋಡಿದಳು. ಗಾಳಿ ಏಳುವ ಮುಂಚೆ ಐದೇ ಐದು ಸುತ್ತು, ಅವುಗಳ ನಡುವೆ ನಳಿಗೆ ಆರುವವರೆಗೆ ಬುತ್ತಿ ಬಿಚ್ಚಿ ಚೀಸ್ ಹಚ್ಚಿದ ಬ್ರೆಡ್ಡು. ಒಂದು ವಾರ ಚೆಂದ ಬಂದದ್ದು ಮುಂದಿನ ವಾರ ಬರದಿದ್ದರೆ ಅಡ್ಡಗೀಟು. ಮೇ ತಿಂಗಳಲ್ಲಿ ಸಿಕ್ಕಿತೆಂದುಕೊಂಡ ತೋಟಾವೊಂದು ಜೂನ್ ಬಿಸಿಲಲ್ಲಿ ಗುರಿಗಿಂತ ಮೇಲಕ್ಕೆ ಏರತೊಡಗಿತು. ಮೂರು ತಿಂಗಳ ಕೆಲಸ ಮಣ್ಣುಪಾಲು. ಅವಳು ಅಂದು ಮೈದಾನದಲ್ಲೇ ಚೀರಿ ಬೈದಳು, ಕೇಳಲು ಮೈದಾನದ ಇಲಿಗಳು ಮಾತ್ರ ಇದ್ದವು. ಮರುದಿನ ಬೇರೆ ಮದ್ದಿನ ಡಬ್ಬಿ ತೆರೆದು ಮತ್ತೆ ಕೆಳಗಿನಿಂದ ಶುರುಮಾಡಿದಳು. ಈ ಸಲ ತೋಟಾಗಳನ್ನು ಪಿಕಪ್ಪಿನ ಬಿಸಿಲಲ್ಲಿಟ್ಟು ಹೊಡೆದಳು, ಐಸ್ ಪೆಟ್ಟಿಗೆಯಲ್ಲಿಟ್ಟು ಹೊಡೆದಳು. ಜುಲೈ ಕೊನೆಯ ಹೊತ್ತಿಗೆ ಕೋವಿ ಒಪ್ಪಿತು. ಬಿಸಿಲಾದರೂ ಅಷ್ಟೇ, ಚಳಿಯಾದರೂ ಅಷ್ಟೇ, ಇಪ್ಪತ್ತು ಹೊಡೆದರೆ ಇಪ್ಪತ್ತೂ ಒಂದೇ ಮನೆಯ ಮಕ್ಕಳ ಹಾಗೆ.

ಅಂಥ ಒಂದು ಬೆಳಿಗ್ಗೆ ಕರ್ಟಿಸ್ ತನ್ನ ಕೋವಿ ಹೊತ್ತುಕೊಂಡು ಮೈದಾನಕ್ಕೆ ಬಂದ. ಅದೂ ಹೊಸದೇ. ಆಗಸ್ಟ್‌ನಲ್ಲಿ ‘ಓರ್ವಿಲ್ ಟೋಲೆಫ್ಸನ್ ಕಪ್ಪು’ ಎಂದು ಹೊಸದಾಗಿ ಶುರುಮಾಡಿದ್ದ ಪಂದ್ಯವಿತ್ತು: ತಾವೇ ಕಟ್ಟಿದ ತೋಟಾ, ಸಾವಿರ ಗಜ, ಇಪ್ಪತ್ತು ಸುತ್ತು. ಹೋದ ವರ್ಷ ಅವನೇ ಗೆದ್ದಿದ್ದ.

“ನೀವೂ ಹೆಸರು ಕೊಟ್ಟಿದೀರಂತೆ? ಭೇಷ್! ಓರ್ವಿಲ್‌ಗೆ ಎಷ್ಟು ಖುಷಿ ಆಗ್ತಿತ್ತು,” ಎಂದ. ಆಮೇಲೆ ಹಿಂಬದಿಯ ಜೇಬಿನಿಂದ ಪಾಕೀಟು ತೆಗೆದು, ಅದರಿಂದ ನಾಲ್ಕು ಬೆರಳಗಲದ ಕಾಗದದ ಚೂರು ತೆಗೆದು ಅವಳ ಮೂಗಿನ ಮುಂದೆ ಹಿಡಿದ. ಒಂದನ್ನೊಂದು ಮುಟ್ಟಿದ ಮೂರು ತೂತು.

ಈ ಸೀಮೆಯ ಗಂಡಸರ ಪಾಕೀಟಿನಲ್ಲಿ ಹೆಂಡತಿಯ ಫೋಟೋ ಇರುತ್ತದೋ ಇಲ್ಲವೋ, ಇಂಥ ಚೂರೊಂದು ಇದ್ದೇ ಇರುತ್ತದೆ. ವರ್ಷವಿಡೀ ಹೊಡೆದದ್ದರಲ್ಲಿ ಯಾವುದೋ ಒಂದು ದಿನ ಅಕಸ್ಮಾತ್ತಾಗಿ ಕೂಡಿಬಂದ ಮೂರು ತೂತನ್ನು ಕತ್ತರಿಸಿ ಇಟ್ಟುಕೊಳ್ಳುವುದು, ಸಿಕ್ಕವರಿಗೆಲ್ಲ ತೋರಿಸುವುದು. ಉಳಿದ ಕಾಗದ ಒಲೆಗೆ.

“ಮಿಕ್ಕಿದ್ದು ಎಲ್ಲಿ?” ಎಂದಳು ವರ್ನಾ.

“ಯಾವ ಮಿಕ್ಕಿದ್ದು?”

“ಇದಾದ್ಮೇಲೆ ಹೊಡೆದಿದ್ದು. ಇದಕ್ಕೆ ಮುಂಚೆ ಹೊಡೆದಿದ್ದು.”

“ನೀವೊಳ್ಳೆ ಗೋಧಿ ಲಾರಿ ನೋಡೋ ಹಂಗೆ ನೋಡ್ತೀರಲ್ಲ!” ಕರ್ಟಿಸ್‌ಗೆ ನಗು. “ಈ ಸಲದ ತೋಟಾ ಯಾವುದು ಗೊತ್ತಾ? ಓರ್ವಿಲ್‌ದು. ಗಾಜಿನ ಪೆಟ್ಟಿಗೇಲಿದೆಯಲ್ಲ ಆ ಪುಟ, ಫೋನಲ್ಲಿ ಫೋಟೋ ಹೊಡ್ಕೊಂಡೆ. ಮೇ ತಿಂಗಳಲ್ಲಿ ಬೆಳಿಗ್ಗೆ ಆರಕ್ಕೆ ಮೂರೇ ಹೊಡೆದೆ, ನೋಡಿ ಹೆಂಗೆ ಬಂತು! ಅಷ್ಟೇ ಸಾಕು ಅಂತ ಎಲ್ಲ ಕಟ್ಟಿಟ್ಬಿಟ್ಟೆ.”

ವರ್ನಾ ತನ್ನ ಕೋವಿ ಕೆಳಗಿಟ್ಟಳು. ಸಿಟ್ಟು ಬೇರೆ, ಇದು ಬೇರೆ. “ಕರ್ಟಿಸ್, ಕೇಳಿಲ್ಲಿ. ಅದು ಆ ಹಳೇ ಕೋವಿಗೆ ಕಟ್ಟಿದ್ದು, ಚಳಿಯಲ್ಲಿ. ಆ ನಳಿಗೆಯ ಬುಡದಲ್ಲಿ ಗುಂಡು ಕೂರೋ ಗಂಟಲು ಉದ್ದ. ನಿನ್ನ ಕೋವಿಗೆ ಅದು ವಿಪರೀತ ಬಿಸಿ, ಅಷ್ಟು ಒತ್ತಡ ತಡೆಯಲ್ಲ. ಆಗಸ್ಟ್ ಬಿಸಿಲಲ್ಲಿ ಹೊಡೀಬೇಡ. ಎಲ್ಲ ಬಿಚ್ಚಿ ಕೆಳಗಿಂದ ಶುರುಮಾಡು.”

“ಓರ್ವಿಲ್ ಬರೆದಿದ್ದು ವರ್ನಾ.”

“ನಾನು ಬರೆದಿದ್ದು! ನಾನೇ ಹೇಳ್ತಿದೀನಿ, ಬೇಡ ಅಂತ!”

“ಆಯ್ತು, ಆಯ್ತು,” ಎಂದ, ಅಳುವ ಮಗುವಿಗೆ ಹೇಳುವ ದನಿಯಲ್ಲಿ. ಕೋಣನ ಮುಂದೆ ಕಿನ್ನರಿ. ಹಣೆಬರಹ ಎಂಥದು ನೋಡಿ: ಅವಳ ಅಂಕೆ ಅವನಿಗೆ ವೇದವಾಕ್ಯ, ಆ ಅಂಕೆ ಬರೆದವಳ ಮಾತು ಮಾತ್ರ ಕಾಲ ಕಸ. ಅವಳು ಅಷ್ಟಕ್ಕೇ ಬಿಡದೆ ಆರ್ವಿಡ್‌ಗೆ ಫೋನು ಮಾಡಿ, “ಬಾಯಿ ಬಿಡೋಕೆ ಇನ್ನೊಂದು ಅವಕಾಶ ನಿಮಗೆ. ಅವನಿಗೆ ಹೇಳಿ, ಕೈ ಮುಖ ಕಳ್ಕೋತಾನೆ” ಎಂದಳು. ಆರ್ವಿಡ್ ಹೇಳಿದನಂತೆ. ಅವನ ಮಾತಿಗೆ ಕರ್ಟಿಸ್ ಅಷ್ಟೋ ಇಷ್ಟೋ ಮದ್ದು ಇಳಿಸಿದ. ಪೂರ್ತಿ ಕೇಳಲಿಲ್ಲ.

ಆಗಸ್ಟ್ ಮೂರನೆಯ ಶನಿವಾರ. ಹುಲ್ಲೆಲ್ಲ ಹೊಂಬಣ್ಣಕ್ಕೆ ತಿರುಗಿ, ನೆಲದ ಮೇಲೆ ಬಿಸಿಲು ನಡುಗುತ್ತಿತ್ತು. ಹದಿನೇಳು ಜನ ಚಾಪೆ ಹಾಸಿಕೊಂಡು ಸಾಲಾಗಿ ಮಲಗಿದರು, ಅದರಲ್ಲಿ ಹದಿನಾರು ಜನ ಗಂಡಸರು. ಕಾಫಿ ಮೇಜಿನ ಹಿಂದೆ ಯಾರೂ ಇಲ್ಲವೆಂದು ಯಾರೋ ಗೊಣಗಿದ್ದು ವರ್ನಾಳ ಕಿವಿಗೆ ಬಿತ್ತು. ಅವಳು ಹೊಸ ತೋಟಾಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಹೆಗಲಿಗೆ ಹಿಡಿ ಆನಿಸಿದಳು. ಎಷ್ಟು ಸರಿಯಾಗಿ ಕೂತಿತು ಎಂದರೆ ಆರ್ವಿಡ್‌ನ ಮೇಲಿನ ಕೋಪ ಒಂದು ಗಳಿಗೆ ಮರೆತುಹೋಯಿತು.

ನಾಲ್ಕನೆಯ ಸುತ್ತಿಗೆ ಕರ್ಟಿಸ್‌ನ ಕಡೆಯಿಂದ ಬೇರೆ ಥರದ ಸದ್ದು ಬಂತು. ತಿರುಗಿ ನೋಡಿದರೆ ಅವನು ಕೋವಿಯ ಬೋಲ್ಟಿನ ಹಿಡಿಕೆಯನ್ನು ಎಳೆಯುತ್ತಿದ್ದಾನೆ, ಅದು ಜಪ್ಪಯ್ಯ ಎಂದರೂ ಬರುತ್ತಿಲ್ಲ. ಪಕ್ಕದವನು ರಬ್ಬರ್ ಸುತ್ತಿಗೆ ಕೊಟ್ಟ. ಹೊಡೆದು ಹೊಡೆದು ತೆಗೆದಾಗ ಚಿಪ್ಪಿನ ಕೇಪು ಇದ್ದ ಜಾಗದಲ್ಲಿ ಕೇಪೇ ಇರಲಿಲ್ಲ, ಮದ್ದಿನ ಒತ್ತಡಕ್ಕೆ ಹಾರಿಹೋಗಿತ್ತು. ಮುಖಕ್ಕೆ ಹೊಗೆ ಹೊಡೆದು ಕನ್ನಡಕ ಮಸಿಯಾಗಿತ್ತು. ಕನ್ನಡಕ ಇತ್ತು ಅನ್ನುವುದು ಅವನ ಪುಣ್ಯ. ಅವನು ಚಾಪೆ ಸುತ್ತಿಕೊಂಡು ಎದ್ದ. ವರ್ನಾಳಿಗೆ ಖುಷಿಯಾಗಲಿಲ್ಲ. ಒಂದು ಹೆಂಗಸಿನ ಮಾತು ಕೇಳುವುದಕ್ಕಿಂತ ಕಣ್ಣು ಕಳೆದುಕೊಳ್ಳುವುದೇ ವಾಸಿ ಎಂದುಕೊಂಡನಲ್ಲ ಈ ಮನುಷ್ಯ!

ಅವಳು ಉಸಿರು ಹಿಡಿದು ಮುಂದುವರಿಸಿದಳು. ಹನ್ನೊಂದನೆಯದೂ ಹದಿನಾಲ್ಕನೆಯದೂ ಬಲಕ್ಕೆ ಸಿಡಿದವು. ಅದು ತೋಟಾದ ತಪ್ಪಲ್ಲ, ಗಾಳಿ ತಿರುಗಿದ್ದು ಅವಳಿಗೆ ಗೊತ್ತಾಗಲಿಲ್ಲ. ಓರ್ವಿಲ್‌ಗೆ ಗೊತ್ತಾಗುತ್ತಿತ್ತು. ಹುಲ್ಲಿನ ತುದಿ ನೋಡಿ, ಕೆನ್ನೆಗೆ ತಾಗಿದ್ದು ನೋಡಿ, ‘ಈಗ ಬೇಡ, ಈಗ ಬೇಡ, ಹೂಂ ಈಗ’ ಎಂದು ಪಿಸುಗುಡುತ್ತಿದ್ದ. ಆ ವಿದ್ಯೆ ನಿಜವಾಗಿ ಅವನದು. ಅವನದು ಅವನದೇ ಎಂದು ಒಪ್ಪಲು ಅವಳಿಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಅವಳದನ್ನು ಅವಳದು ಎನ್ನಲು ಅವನಿಗೆ ಇಪ್ಪತ್ತೆರಡು ವರ್ಷ ಸಾಲಲಿಲ್ಲವಲ್ಲ ಎಂದು ಕಣ್ಣು ಮಂಜಾಯಿತು. ಒರೆಸಿಕೊಂಡು ಹದಿನೈದನೆಯದನ್ನು ತುಂಬಿದಳು.

ಇಪ್ಪತ್ತು ಮುಗಿದು ಗುರಿಹಲಗೆಯ ಕಾಗದಗಳು ಬಂದಾಗ ಲೆಕ್ಕ ಹಾಕುವವನು ಎರಡು ಸಲ ಕೂಡಿದ. ಸಿಡಿದ ಎರಡನ್ನು ಸೇರಿಸಿಯೂ ವರ್ನಾ ಎಲ್ಲರಿಗಿಂತ ಮುಂದೆ ಇದ್ದಳು.

ಒಳಗೆ ಮಾಂಸ ಆಲೂಗಡ್ಡೆ ಸೇರಿಸಿ ಬೇಯಿಸಿದ ಹಾಟ್‌ಡಿಶ್ಶು, ಬೀನ್ಸು, ಲೆಫ್ಸೆ ರೊಟ್ಟಿಗಳ ಮುಂದೆ ಎಲ್ಲರೂ ಸೇರಿದರು. ಕರ್ಟಿಸ್ ಮುಖ ತೊಳೆದುಕೊಂಡು, ಒಂದು ಹುಬ್ಬು ಸುಟ್ಟುಕೊಂಡು, ಕಪ್ಪು ಹಿಡಿದು ನಿಂತ. ಅಧ್ಯಕ್ಷನಲ್ಲವೇ.

“ಏನ್ ಹೇಳ್ಲಿ!” ಎಂದ, ನಿಜವಾಗಿಯೂ ಕಣ್ಣು ತೇವ ಮಾಡಿಕೊಂಡು. “ಓರ್ವಿಲ್ ಹೋಗಿ ಎರಡು ವರ್ಷ ಆಗ್ತಾ ಬಂತು. ಆದ್ರೂ ಇವತ್ತು ಅವನ ಕಪ್ಪನ್ನ ಅವನ ತೋಟಾನೇ ಗೆಲ್ತು! ಮೇಲೆ ಕೂತು ನಗ್ತಿರ್ತಾನೆ ನಮ್ಮ ಓರ್ವಿಲ್!”

ಚಪ್ಪಾಳೆ ಬಿತ್ತು. ವರ್ನಾ ಆರ್ವಿಡ್‌ನ ಕಡೆ ನೋಡಿದಳು. ಆರ್ವಿಡ್ ಕಾಫಿ ಲೋಟದೊಳಗೆ ನೋಡುತ್ತಿದ್ದ.

ಅವಳು ಎದ್ದು ಹೋಗಿ ಕಪ್ಪು ತೆಗೆದುಕೊಳ್ಳಲಿಲ್ಲ. ಗಾಜಿನ ಪೆಟ್ಟಿಗೆಯ ಕೊಕ್ಕೆ ತೆಗೆದು, ಹಸಿರು ನೋಟ್‌ಬುಕ್ಕನ್ನು ತೆರೆದ ಪುಟ ಮಡಚದ ಹಾಗೆ ಎತ್ತಿಕೊಂಡು ಕರ್ಟಿಸ್‌ನ ಕೈಗೆ ಕೊಟ್ಟಳು.

“ಓದು.”

“ಏನು?”

“ನೀನು ಫೋಟೋ ಹೊಡ್ಕೊಂಡ ಪುಟ. ಅಂಕೆ ಬೇಡ. ಅಂಕೆ ಕೆಳಗೆ ಇದೆಯಲ್ಲ, ಸಣ್ಣಕ್ಷರ, ಅದನ್ನ ಓದು. ಗಟ್ಟಿಯಾಗಿ.”

ಕರ್ಟಿಸ್ ಕನ್ನಡಕಕ್ಕೆ ತಡಕಾಡಿದ. ಅದು ಮಸಿ ಹಿಡಿದಿತ್ತು. ಪುಸ್ತಕವನ್ನು ದೂರ ಹಿಡಿದು ನಗುನಗುತ್ತಲೇ ಓದತೊಡಗಿದ. ಎರಡು ಸಾಲಿಗೆ ನಗು ನಿಂತಿತು.

“ಹಳೇ ಕೋವಿಗೆ ಮಾತ್ರ. ಬೇರೆ ಯಾವುದಕ್ಕೂ ಬೇಡ. ಅಕ್ಟೋಬರ್, ನೆಲದಲ್ಲಿ ಮಂಜು. ಬಿಸಿಲಿಗೆ ಬೇಡವೇ ಬೇಡ. ಓರ್ವಿಲ್ ಹತ್ತು ದಿನ ಸೇತುವೆ ಕೆಲಸಕ್ಕೆ ಹೋಗಿದ್ದಾನೆ. ಇಪ್ಪತ್ತೂ ನಾನೇ ಹೊಡೆದೆ. ಹೆಗಲು ನೋವು. ಶನಿವಾರ ಬಂದ ಮೇಲೆ ಅವನಿಗೆ ಕೊಡಬೇಕು. ವ. ಟೋ.”

ಕರ್ಟಿಸ್ ಕೊನೆಯ ಎರಡಕ್ಷರಗಳ ಮೇಲೆ ಬೆರಳಿಟ್ಟ.

“ಒಂದೂವರೆ ವರ್ಷದಿಂದ ಈ ಪುಟ ಇಲ್ಲಿ ತೆರೆದೇ ಇದೆ,” ಎಂದಳು ವರ್ನಾ. ದನಿ ಏರಿಸಲಿಲ್ಲ, ಅದು ತಾನಾಗಿ ಏರಿತು. “ಇದರ ಕೆಳಗೆ ನಿಂತು ದಿನಾ ಕಾಫಿ ಕುಡಿದಿದೀರಿ. ಅಂಕೆ ಓದಿದ್ರಿ, ಹೆಂಗಸಿನ ಸಾಲು ಬಿಟ್ರಿ. ಕಣ್ಣು ಹೋಗ್ತಿತ್ತಲ್ಲೋ ನಿಂದು! ಇವತ್ತು ನಾನು ಹೊಡೆದ ಕೋವಿ ಓರ್ವಿಲ್ ಹೋಗಿ ಹದಿನಾಲ್ಕು ತಿಂಗಳಾದ ಮೇಲೆ ಬಂದಿದ್ದು. ಯಾವ ಮೇಲಿಂದ ಇಳಿದು ಬಂದು ಅದಕ್ಕೆ ಮದ್ದು ತೂಗಿದ ಅವನು? ಹೇಳು!”

ಕರ್ಟಿಸ್ ಪುಸ್ತಕದ ಹಿಂದಿನ ಪುಟ ತಿರುವಿದ, ಮುಂದಿನದು ತಿರುವಿದ. ಅಲ್ಲೆಲ್ಲ ವ. ಟೋ. “ನಂಗೆ ಗೊತ್ತಿರ್ಲಿಲ್ಲ ವರ್ನಾ,” ಎಂದ, ಈ ಸಲ ಮಗುವಿಗೆ ಹೇಳುವ ದನಿಯಲ್ಲಲ್ಲ.

“ಹೇಳಿದ್ದೆ. ಎರಡು ಸಲ.”

ಆರ್ವಿಡ್ ಎದ್ದು ನಿಂತ. “ನನಗೆ ಗೊತ್ತಿತ್ತು,” ಎಂದ ಎಲ್ಲರಿಗೂ ಕೇಳುವ ಹಾಗೆ. “ಮೊದಲಿಂದ.”

“ಈಗ ಹೇಳಿ ಏನ್ ಬಂತು, ಕೂತ್ಕೊಳ್ಳಿ,” ಎಂದಳು. ಆದರೂ ಅವನು ಕೂರಲಿಲ್ಲ. ಹೋಗಿ ಫಲಕದ ಮೊಳೆಗಳನ್ನು ಜೇಬಿನ ಚಾಕುವಿನಿಂದ ಒಂದೊಂದಾಗಿ ಎಬ್ಬಿಸತೊಡಗಿದ. ಸುತ್ತಿಗೆ ಕೊಟ್ಟವನಿಗೆ ಆ ಕೆಲಸ ತಕ್ಕದ್ದೇ ಇತ್ತು.

ಕಪ್ಪಿನ ಮೇಲಿನ ಹೆಸರನ್ನೂ ಬದಲಿಸೋಣವೇ ಎಂದು ಯಾರೋ ಕೇಳಿದರು. “ಬೇಡ. ಹೊಡೆಯೋದರಲ್ಲಿ ಅವನಂಥವನು ಇರ್ಲಿಲ್ಲ, ಅದು ಸುಳ್ಳಲ್ಲ,” ಎಂದಳು. ಖಾಲಿಯಾದ ಪೆಟ್ಟಿಗೆಗೆ ಏನಿಡುವುದು ಎಂದಾಗ, ಅಂದಿನ ಗುರಿಯ ಕಾಗದವನ್ನು ಮೇಜಿನ ಮೇಲೆ ಹರಡಿದಳು. ಹದಿನೆಂಟು ನಡುವೆ, ಎರಡು ಬಲಕ್ಕೆ ದೂರ. ಕರ್ಟಿಸ್ ಅಳತೆ ನೋಡಿ, ಪೆಟ್ಟಿಗೆಗೆ ಹಿಡಿಯಲ್ಲ, ಆ ಎರಡನ್ನು ಕತ್ತರಿಸಿದರೆ ಹಿಡಿಯುತ್ತದೆ ಎಂದ.

“ಕತ್ತರಿ ಹಾಕಿದ್ರೆ ನೋಡು,” ಎಂದಳು ವರ್ನಾ. “ದೊಡ್ಡ ಪೆಟ್ಟಿಗೆ ಮಾಡ್ಸು.”

ಅವಳು ಹಸಿರು ಪುಸ್ತಕವನ್ನೂ ಕಪ್ಪನ್ನೂ ಪಿಕಪ್ಪಿನ ಪಕ್ಕದ ಸೀಟಿನಲ್ಲಿ ಇಟ್ಟುಕೊಂಡು ಹೊರಟಳು. ಓರ್ವಿಲ್ ಮಾಡಿದ ಮಣ್ಣುರಸ್ತೆಯಲ್ಲಿ ಅರ್ಧ ದಾರಿ ಬಂದ ಮೇಲೆ ಗಾಡಿ ನಿಲ್ಲಿಸಿ, ಅವನಿಲ್ಲದ ಸೀಟಿನ ಕಡೆ ತಿರುಗಿ, ಎಂದೋ ಹೇಳಬೇಕಾಗಿದ್ದನ್ನು ಹೇಳಿದಳು.

“ನಮ್ಮಿಬ್ರಿಗೆ ಗೊತ್ತಿದ್ರೆ ಸಾಲ್ದಾ ಅಂದಿದ್ಯಲ್ಲೋ. ಸಾಲ್ದು. ಆ ಇಬ್ಬರಲ್ಲಿ ನೀನು ಎದ್ದು ಹೋದೆ.”